ಮೂರನೇ ಕರಡು

ಬೆಟಗೇರಿ ರಸ್ತೆಯ ಪ್ರೆಸ್ಸಿನಲ್ಲಿ ಮೂರನೇ ಕರಡು.
ಧಣಿ ಗುರುಶಾಂತಪ್ಪನವರ ಜನ್ಮಶತಮಾನದ ಸಂಪುಟ,
ಪುಟ ನಲವತ್ತೊಂದು: ‘ಮಹಾಪುರುಷರು, ಸಜ್ಜನರು.’

ಆತ ಕಟ್ಟಿಸಿದ ಸಾಲಿಯಲ್ಲೇ
ನನಗೆ ಅಕ್ಷರ ಕೂಡಿದ್ದು.
ಆತನ ಜಿನ್ನಿಗೆ ಹತ್ತಿ ಉಣಿಸುವಾಗಲೇ
ಅಜ್ಜಿ ಫಕೀರವ್ವನ ಎರಡು ಬೆರಳು ಹೋದದ್ದು;
ಆ ವಾರದ ಪಗಾರದಲ್ಲಿ
ರಕ್ತ ಹತ್ತಿದ ಅರಳೆಯ ದರ ಮುರಿದುಕೊಂಡ.

ಉಳಿದ ಎಂಟರಲ್ಲೇ ನನ್ನ ತಲೆ ಬಾಚುತ್ತ ಆಕೆ:
“ಸಾಲಿ ಕಟ್ಟಿಸ್ಯಾನ, ಖರೇ.
ನೀ ಕಲಿ.
ಕೈ ಮಾತ್ರ ಮುಗೀಬ್ಯಾಡ.”

‘ಮಹಾ’ದ ದೀರ್ಘ ಸರಿಯಿದೆ, ಮುಟ್ಟಲಿಲ್ಲ.
‘ಸಜ್ಜನ’ದ ಒತ್ತೂ ಸರಿಯೇ ಇದೆ.
ಆದರೂ ಅಂಚಿನಲ್ಲಿ ಕೆಂಪು ಪ್ರಶ್ನೆಚಿಹ್ನೆ
ಇಟ್ಟೆ.

ಬಾಗಿಲಲ್ಲಿ ಮಶೀನಿನ ಹುಡುಗ ಮೌನೇಶ:
“ಪ್ಲೇಟ್‌ಗೆ ಕಳಸ್ಲೇನ್ರಿ?”

ತಡೀಪಾ,
ತಪ್ಪು ಎಲ್ಲೈತಿ ಇನ್ನೂ ತಿಳಿವಲ್ದು.