ಇಳಿಯದ ಅಂಕ

ಈ ಲೆಕ್ಕಕ್ಕೆ ಕೂಡುವುದಷ್ಟೇ ಗೊತ್ತು, ಕಳೆಯುವುದು ಗೊತ್ತಿಲ್ಲ.
ಸೇರಿದ ದಿನವೇ ಡಾಕ್ಟರ್ ಪ್ರೇಲೋ ಹೇಳಿದ್ದರು:
"ಲೂಪಸ್ ಕೆರಳುತ್ತದೆ, ತಣಿಯುತ್ತದೆ, ಮತ್ತೆ ಕೆರಳುತ್ತದೆ.
ನೀನು ಎಣಿಸಬೇಕಾದ್ದು ಅದನ್ನಲ್ಲ,
ತಣಿದ ಮೇಲೂ ಉಳಿದದ್ದನ್ನು.
ಆರು ತಿಂಗಳು ಕಾಯಿ. ಆಗಲೂ ಅಲ್ಲೇ ಇದ್ದರೆ
ಒಂದು ಅಂಕ."

ಚಾರ್ಲ್ಸ್‌ಟನ್ನಿನಲ್ಲಿ ಕಾಗದವನ್ನು ಕೆಳಗಿಡುವಂತಿಲ್ಲ.
ದೊಡ್ಡ ಉಬ್ಬರಕ್ಕೆ ಸಮುದ್ರ ತಾನೇ ಬೀದಿಗೆ ನಡೆದು ಬರುತ್ತದೆ.
ಹಾಗಾಗಿ ಹಳೆಯ ಕಡತಗಳೆಲ್ಲ ಮೂರನೇ ಮಹಡಿಯಲ್ಲಿ,
ಅವುಗಳ ಜತೆ ನಾನು, ಗೊರಗುಡುವ ಫ್ಯಾನು,
ಮೂಲೆ ಮುರಿದ ಸ್ಕ್ಯಾನರು.

ಹೆಸರಿಗೆ ಕಪ್ಪು ಬಳಿದೇ ಕೊಡುತ್ತಾರೆ.
ಇವತ್ತಿನವಳು ೪೧೭.
ಕರಿಯ ಹೆಂಗಸು, ದ್ವೀಪಗಳ ಕಡೆಯವಳು,
ರೋಗ ಪತ್ತೆಯಾದಾಗ ಇಪ್ಪತ್ತಾರು,
ಕಸುಬು: ಶಾಲೆಯ ಬಸ್ಸು ಓಡಿಸುವುದು.

ನನಗಿಂತ ಮೊದಲೇ ಕಂಪ್ಯೂಟರ್ ಇವಳನ್ನು ಓದಿದೆ,
ಬಿಲ್ಲುಗಳ ಸಂಕೇತ ಹೆಕ್ಕಿ, ಕಣ್ಣು ಮಿಟುಕಿಸುವಷ್ಟರಲ್ಲಿ
"ಮೂರು" ಎಂದಿದೆ.
ಅದು ಸರಿಯೋ ಎಂದು ಬೆರಳಿಟ್ಟು ಓದುವುದು ನನ್ನ ಸಂಬಳ.

ಮೂವತ್ತಕ್ಕೆ ಸೊಂಟದ ಕೀಲು ಸತ್ತಿದೆ. ಒಂದು.
ರೋಗ ಕೊಂದದ್ದೋ, ಸ್ಟಿರಾಯ್ಡ್ ಕೊಂದದ್ದೋ,
ನಮ್ಮ ಪಟ್ಟಿ ಕೇಳುವುದಿಲ್ಲ.

ಎಡಗೈ ಮಾತ್ರ ಸುಟ್ಟಂತಿದೆ ಎಂದು ಒಬ್ಬರು ಬರೆದಿದ್ದಾರೆ:
ಬಸ್ಸಿನ ಎಡಗಿಟಕಿಯ ಬಿಸಿಲು.
ತೊಟ್ಟಿಲ ಬಟ್ಟೆಯಲ್ಲಿ ಪರದೆ ಹೊಲಿದು ಕಟ್ಟಿಕೊಂಡಳಂತೆ,
ಮೇಲಿನವರು ಬಿಚ್ಚಿಸಿದರಂತೆ.
ಚರ್ಮ ಮಾಯಿತು. ಮಾಯುವುದಕ್ಕೆ ಅಂಕವಿಲ್ಲ.

ಆಮೇಲೆ ನಾಲ್ಕು ವರ್ಷ ಒಂದು ಹಾಳೆಯೂ ಇಲ್ಲ.

ಏನಾಯಿತೆಂದು ಮುಂದಿನ ಕಾಗದದಲ್ಲಿ ಸಿಕ್ಕಿತು:
ಜಿಲ್ಲೆಯವರು ಬಸ್ಸುಗಳನ್ನು ಗುತ್ತಿಗೆಗೆ ಕೊಟ್ಟರು.
ಅದೇ ಬಸ್ಸು, ಅದೇ ದಾರಿ, ಅವೇ ಮಕ್ಕಳು,
ವಿಮೆ ಮಾತ್ರ ಇಳಿದುಹೋಯಿತು.

ಮರಳಿ ಬಂದಾಗ ಕಿಡ್ನಿ ಅರ್ಧ. ಎರಡು.
ಕಣ್ಣಿನ ಡಾಕ್ಟರರ ಪತ್ರ ತಲೆಕೆಳಗಾಗಿ ಸ್ಕ್ಯಾನಾಗಿತ್ತು,
ಯಂತ್ರ ಓದಲಿಲ್ಲ, ನಾನು ಕತ್ತು ತಿರುಗಿಸಿ ಓದಿದೆ:
ಎರಡೂ ಕಣ್ಣಿಗೆ ಪೊರೆ. ಮೂರು.
ಕೊನೆಗೆ ನರ್ಸ್ ಒಬ್ಬಳ ಓರೆ ಅಕ್ಷರ:
"ಮುಟ್ಟು ನಿಂತು ಮೂರು ವರ್ಷ. ವಯಸ್ಸಿನ್ನೂ ಮೂವತ್ತೇಳು.
ಒಳ್ಳೇದೇ ಆಯ್ತು, ಖರ್ಚು ಉಳೀತು ಎಂದು
ಬೂಟ್ಸಿ ನಕ್ಕಳು. ನಾನು ನಗಲಿಲ್ಲವೆಂದು
ಆಮೇಲೆ ಅವಳೂ ನಗಲಿಲ್ಲ."
ನಾಲ್ಕು.

ಬೂಟ್ಸಿ.
ಕಪ್ಪು ಬಳಿಯುವ ಯಂತ್ರಕ್ಕೆ ಅದು ಹೆಸರೆಂದು ತಿಳಿಯಲಿಲ್ಲ.
ಯಾರಿಟ್ಟರೋ, ಅಜ್ಜಿಯೋ, ಹಿಂದಿನ ಸೀಟಿನ ಪುಂಡರೋ.
ಕಂಡರೆ ಅಳಿಸಬೇಕು, ಅದು ನಿಯಮ.
ಎರಡು ಸಲ ಓದಿ ಅಳಿಸಿದೆ.

ಇನ್ನೂ ನಾಲ್ಕು ವರ್ಷಕ್ಕೆ ಮೂರ್ಛೆ, ಗುಳಿಗೆ, ಮತ್ತೆ ಮೂರ್ಛೆ,
ಲೈಸೆನ್ಸು ರದ್ದು. ಐದು.
ಲೈಸೆನ್ಸಿಗೆ ನಮ್ಮಲ್ಲಿ ಕಾಲಮ್ಮಿಲ್ಲ.

ಯಂತ್ರದ ಮೂರು ನನ್ನ ಕೈಯಲ್ಲಿ ಐದಾಯಿತು.
ಅದಲ್ಲ ನನ್ನ ತಕರಾರು.
ಆ ನಾಲ್ಕು ವರ್ಷ ನಕ್ಷೆಯಲ್ಲಿ ಹೇಗಿದೆ ನೋಡಿ:
ಒಂದರ ಮೇಲೆ ನೇರ ಗೆರೆ,
ಅಲೆಯಿಲ್ಲದ ಕೊಲ್ಲಿಯ ಹಾಗೆ ಶಾಂತ.
ಇಡೀ ಬದುಕಿನಲ್ಲಿ ಅವಳು ಅತ್ಯಂತ ನೆಮ್ಮದಿಯಿಂದಿದ್ದ ಕಾಲ
ಅದೇ ಎನ್ನಬೇಕು, ಆ ಗೆರೆಯನ್ನು ನಂಬಿದರೆ.

"ದಾಖಲೆ ಇಲ್ಲದಾಗ ಹಿಂದಿನ ಅಂಕವನ್ನೇ ಎಳೆಯಬೇಕು,"
ಎನ್ನುತ್ತಾರೆ ಡಾಕ್ಟರ್ ಪ್ರೇಲೋ. ಕೆಟ್ಟವರಲ್ಲ.
ಎರಡು ಸಾವಿರ ಜನರ ಲೆಕ್ಕ ಅವರ ತಲೆಯ ಮೇಲಿದೆ.
ಆದರೆ ಯಾರೂ ಹೋಗಿ ನೋಡದ ಮನೆಯಲ್ಲಿ
ಬೆಂಕಿ ಬಿದ್ದಿರಲಿಲ್ಲ ಎಂದು ಬರೆದುಕೊಡಲೇ ನಾನು?

ನಾಲ್ಕು ಚೌಕಗಳನ್ನು ಖಾಲಿ ಮಾಡಿದೆ.
ಪರದೆ ಕೆಂಪಾಗಿ ಕೇಳಿತು: ಖಚಿತವೇ?
ಒತ್ತಿದೆ.
ಗೆರೆ ಅಲ್ಲಿ ತುಂಡಾಗಿ, ದಾಟಿ, ಮೇಲಿನಿಂದ ಶುರುವಾಯಿತು,
ನಡುವೆ ಬರೀ ಬಿಳಿ.

ನಾಳೆ ಡಾಕ್ಟರ್ ಕೇಳುತ್ತಾರೆ.
ಕೇಳಲಿ.