ದಾಟು, ತಿರುಚು, ದಾಟು

ಕಮರಿನ್ಯಾಸ್ ಬಂದರಿನಲ್ಲಿ
ಗಾಳಿಗೆ ಕರೆಂಟು ಹೋಗಿ ಅಂದಿಗೆ ಮೂರು ದಿನ.
ಶಾಲೆಗೆ ರಜೆ. ಲೆಕ್ಕದ ಮೇಷ್ಟರು ನಾನು,
ಒಲೆ ಉರಿಯುವ ಮನೆ ಹುಡುಕುತ್ತ
ದೊಸಿಂದಾಳ ಅಡುಗೆಮನೆ ಸೇರಿದ್ದೆ.

ಅವಳ ತೊಡೆಯ ಮೇಲೆ ಹುಲ್ಲು ತುರುಕಿದ ದಿಂಬು,
ದಿಂಬಿನ ತುಂಬ ಗುಂಡುಸೂಜಿ,
ಇಪ್ಪತ್ತನಾಲ್ಕು ಮರದ ಕಡ್ಡಿ, ಕಡ್ಡಿಗೊಂದು ನೂಲು,
ಟಕಟಕ, ಟಕಟಕ.
"ಲೇಸು ಹೆಣೆಯಲು ಎಷ್ಟು ವಿದ್ಯೆ ಬೇಕು?" ಅಂದೆ.
"ಎರಡು," ಅಂದಳು, ತಲೆಯೆತ್ತದೆ. "ದಾಟು. ತಿರುಚು.
ಮಿಕ್ಕದ್ದು ತಾಳ್ಮೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ."

ನಾನು ಹಿಡಿದದ್ದು ಮೂರೇ ಎಳೆ.
ಎಡದ ಜೋಡಿಯಲ್ಲಿ ಎಡದ್ದು ಬಲದ್ದರ ಮೇಲೆ ದಾಟಿದರೆ ಅದು 'ಅ',
ಬಲದ ಜೋಡಿಯಲ್ಲಿ ಹಾಗೇ ದಾಟಿದರೆ 'ಇ'.
ನಿನ್ನ ಮೊಮ್ಮಗಳ ಜಡೆಯನ್ನು ಓದುತ್ತೇನೆ ಕೇಳು:
ಅ, ತಿರುವುಮುರುವು ಇ,
ಅ, ತಿರುವುಮುರುವು ಇ,
ರಿಬ್ಬನ್ನು ಬರುವ ತನಕ.
ಇನ್ನು ಅ-ಇ-ಅ ಹೆಣೆದರೂ ಒಂದೇ, ಇ-ಅ-ಇ ಹೆಣೆದರೂ ಒಂದೇ.
ಇದರ ಮೇಲೆ ಇಡೀ ಒಂದು ಶಾಸ್ತ್ರ ನಿಂತಿದೆ.
ಅವಳು ಬೆರಳಲ್ಲೇ ಮಾಡಿ ನೋಡಿ,
"ಇದಕ್ಕೆ ಶಾಸ್ತ್ರ ಬೇಕಿತ್ತೆ?" ಅಂದಳು.

ಸಾಲೊಂದು ತಪ್ಪಿತ್ತು. ಬಿಚ್ಚತೊಡಗಿದಳು:
ಕೊನೆಯದು ಮೊದಲು, ಮೊದಲಿನದು ಕೊನೆಗೆ.
"ಬೂಟು ಬಿಚ್ಚದೆ ಕಾಲುಚೀಲ ಬಿಚ್ಚುವವರುಂಟೆ?"
ಅಷ್ಟರಲ್ಲಿ ಬೂಟು ಬಿಚ್ಚದೆಯೇ ಒಳಬಂದ ಎವೆನ್ಸಿಯೊ,
ಬಲೆ ರಿಪೇರಿಯವನು, ತೊಟ್ಟಿಕ್ಕುತ್ತ.
ನಾನು ಬಿಡಿಸಲಾರದ ಗಂಟು ಈ ತೀರದಲ್ಲಿಲ್ಲ,
ಕುಣಿಕೆ, ಜೀರುಗುಣಿಕೆ, ಕಗ್ಗಂಟು, ಯಾವುದಾದರೂ ತಾ ಅಂದ.

ತುದಿ ಸಿಕ್ಕಿದರೆ ಯಾರಾದರೂ ಬಿಡಿಸುತ್ತಾರೆ.
ನಮ್ಮ ಶಾಸ್ತ್ರದ ಗಂಟಿಗೆ ತುದಿಯಿಲ್ಲ.
ಎರಡು ನೈಲಾನ್ ತುಂಡು ಸಮಕ್ಕೆ ಹಿಡಿದು
ಮೂರು ಸಲ ದಾಟಿಸಿದೆ. ತಲೆಯನ್ನು ಬುಡಕ್ಕೆ ತಂದು
ಅವನದೇ ಲೈಟರಿನಲ್ಲಿ ಕರಗಿಸಿ ಅಂಟಿಸಿದೆ.
ಎರಡಿದ್ದದ್ದು ಒಂದಾಯಿತು. "ಇದನ್ನು ಬಳೆ ಮಾಡು."

ಸಾರು ಕುದಿಯಿತು. ಟರ್ನಿಪ್ ಸೊಪ್ಪು ಬೆಂದಿತು.
ಎವೆನ್ಸಿಯೊ ಎಳೆದ, ಜಾರಿಸಿದ, ಹಲ್ಲು ಹಚ್ಚಿದ,
ಬಟ್ಟಲು ತಣ್ಣಗಾಗಿ ಕೆನೆಗಟ್ಟಿತು.
"ಇನ್ನೊಂದು ಗಂಟೆ ಕೊಡು."
ನೂರು ವರ್ಷ ಕೊಡುತ್ತೇನೆ ಅಂದೆ.

ದೊಸಿಂದಾ, ಮೂರು ಬಣ್ಣದ ನೂಲು ಕೊಡು.
ಹಗ್ಗ ಇನ್ನೊಂದರ ಅಡಿಗೆ ಹೋಗಿ ಮರೆಯಾಗುತ್ತದಲ್ಲ,
ಅಲ್ಲಿಂದ ಬಣ್ಣ ಬದಲು. ಕೆಂಪು. ನೀಲಿ. ಕಾವಿ.
ಕಟ್ಟಳೆ ಒಂದೇ: ಯಾವ ದಾಟಿನಲ್ಲೂ
ಮೂರು ಬಣ್ಣ ಕೂಡಲಿ, ಇಲ್ಲವೇ ಒಂದೇ ಇರಲಿ,
ಎರಡೇ ಎರಡು ಸೇರಕೂಡದು.
ಈಗ ಹಗ್ಗ ಏನು ಮಾಡಬಲ್ಲದು?
ಸುರುಳಿ ಹಾಕಬಲ್ಲದು ಅಥವಾ ತೆಗೆಯಬಲ್ಲದು,
ಪಕ್ಕದ ಎಳೆಯಡಿ ತೂರಬಲ್ಲದು,
ಒಂದು ದಾಟಿನ ಮೇಲಿಂದ ಮೂರನೆಯ ಎಳೆಯಾಗಿ ಜಾರಬಲ್ಲದು.
ಅಷ್ಟೇ ಅದರ ಆಟ. ಬಣ್ಣ ಅಲ್ಲಿಲ್ಲಿ ಸರಿದೀತು,
ಕಟ್ಟಳೆ ಮುರಿಯದು, ಮೂರು ಇದ್ದದ್ದು ಒಂದಾಗದು.
ಬಳೆಗೆ ದಾಟೇ ಇಲ್ಲ, ಒಂದೇ ಬಣ್ಣ.
ಆದ್ದರಿಂದ ಎವೆನ್ಸಿಯೊ, ನಿನ್ನ ಕೈಯ ತಪ್ಪಲ್ಲ.

ಅವನು ಬಹಳ ಹೊತ್ತು ಗಂಟನ್ನೇ ನೋಡಿದ.
"ಇದಕ್ಕೆ ಎದುರು ಗಂಟೊಂದು ಹಾಕಿದರೆ
ಎರಡೂ ಸೇರಿ ಬಿಟ್ಟುಹೋಗಲಾರವೆ?"
ಜಡೆಯಲ್ಲಾದರೆ ಹೌದು, ಪ್ರತಿ ದಾಟಿಗೂ ವಾಪಸು ದಾಟುಂಟು.
ಗಂಟಿನಲ್ಲಿ ಇಲ್ಲ. ಗಂಟಿನ ಬೆನ್ನಿಗೆ ಎಂಥ ಗಂಟು ಹಾಕಿದರೂ
ಬಳೆಯಾಗದು; ಇದೂ ಸಾಬೀತಾಗಿದೆ.
"ಇದನ್ನು ನನ್ನ ತಮ್ಮನಿಗೂ ಹೇಳು," ಅಂದ,
"ಅವನ ವಕೀಲನಿಗೂ."
ದೊಸಿಂದಾಳ ಕಡ್ಡಿಗಳು ಒಂದು ಕ್ಷಣ ನಿಂತವು.
ಆಮೇಲೆ ದಾಟು, ತಿರುಚು, ದಾಟು.

ಮೇ ತಿಂಗಳಲ್ಲಿ ಅವನ ದೋಣಿ ಹತ್ತಿದೆ.
ಚುಕ್ಕಾಣಿಯ ಪಕ್ಕ ಮೊಳೆಗೆ ಅದೇ ಗಂಟು, ಗಂಟಿನಲ್ಲಿ ಎಂಜಿನ್ ಕೀಲಿ.
ನೀಲಿಯೂ ಕಾವಿಯೂ ಉಪ್ಪಿಗೆ ಬಿಳಿಚಿ
ಕೆಂಪೊಂದು ಉಳಿದಿತ್ತು.
"ಈ ದೋಣಿಯಲ್ಲಿ ಬಿಚ್ಚದು ಅಂತ ಸಾಬೀತಾದದ್ದು
ಇದೊಂದೇ," ಅಂದ.
ಮಿಕ್ಕ ಹಗ್ಗಗಳನ್ನೆಲ್ಲ
ರಾತ್ರಿ ಎರಡು ಸಲ ಎದ್ದು ಮುಟ್ಟಿ ನೋಡುತ್ತಾನಂತೆ.