ಅರುವತ್ತಾರು, ಎಪ್ಪತ್ತಮೂರು

ಅಪ್ಪ ಬಲ್ಮಠದ ಪ್ರೆಸ್ಸಿನಲ್ಲಿ ಬೈಂಡರು.
ಫಾರಮು ಮಡಚಿ, ಬೆನ್ನಿಗೆ ತೂತು ಕೊರೆದು,
ಮೇಣ ಹಚ್ಚಿದ ನೂಲೆಳೆದು
ಹಲ್ಲಿನಲ್ಲಿ ಕಡಿಯುವಾತ.
ಅವನ ಪಾಲಿಗೆ ಸತ್ಯವೇದವೆಂದರೆ
ಅರುವತ್ತಾರು ಪುಸ್ತಕ, ಒಂದೇ ಹೊಲಿಗೆ.

ಅಮ್ಮ ಸೆರಾಫಿನ್, ಬೋಳಾರದವಳು.
ತವರಿನಿಂದ ತಂದದ್ದು
ಒಂದು ಜಪಸರ, ಎರಡು ತಾಮ್ರದ ಕೊಪ್ಪರಿಗೆ,
ಲೆಕ್ಕದಲ್ಲಿ ಏಳು ಪುಸ್ತಕ ಜಾಸ್ತಿ.

ಭಾನುವಾರ ಎರಡು ದಿಕ್ಕಿನ ಗಂಟೆ ಹೊಡೆದು ಮುಗಿದು,
ಇವನು ಪ್ರಸಂಗ ಕೇಳಿ, ಅವಳು ಪೂಜೆ ಮುಗಿಸಿ
ಊಟಕ್ಕೆ ಕೂತರೆ ಶುರು.
"ನಿಮ್ಮ ಜರ್ಮನಿಯವರು ಹರಿದು ಬಿಸಾಡಿದ್ದು."
"ನಿಮ್ಮ ರೋಮಿನವರು ಆಮೇಲೆ ಅಂಟಿಸಿದ್ದು."
"ಅಂಟಿಸಿದ್ದಾದರೆ ಗೋಂದು ತೋರಿಸಿ."
"ಹರಿದದ್ದಾದರೆ ಅಂಚು ತೋರಿಸು."
ನನಗೆ ಎಂಟು ವರ್ಷ.
ಎರಡರ ಬೆನ್ನನ್ನೂ ಮೂಸಿ ನೋಡಿದೆ:
ಅದೇ ಮೈದಾ ಅಂಟು, ಅದೇ ಮೈಲುತುತ್ತು.

ಕೂಡಿಸಬಾರದು, ಕಳೆಯಬಾರದು ಎಂಬ ಒಂದೇ ಮಾತನ್ನು
ಇಬ್ಬರೂ ಬೀಸುತ್ತಿದ್ದರು,
ಮೊದಲರ್ಧದ ಹಿಡಿ ಅವನ ಕೈಯಲ್ಲಿ,
ಉಳಿದರ್ಧದ್ದು ಅವಳ ಕೈಯಲ್ಲಿ.

ದೀನತೆಗೆ ಕೊರತೆ ಇರಲಿಲ್ಲ.
ಪ್ರಾರ್ಥನಾಕೂಟದಲ್ಲಿ ಅಪ್ಪ ಅದರ ಮೇಲೆ
ನಲ್ವತ್ತು ನಿಮಿಷ ಮಾತಾಡಿದ್ದ,
ಯಾರು ಕೆಮ್ಮುತ್ತಾರೆಂದು ನೋಡುತ್ತ.
ಅಮ್ಮ ಮಂಡಿಯೂರಿದರೆ
ಪಕ್ಕದವಳಿಗಿಂತ ಒಂದು ನಿಮಿಷ ಹೆಚ್ಚು.

ಒಮ್ಮೆ ಬಿಷಪ್ಪರ ಮನೆಯಿಂದ ಆರ್ಡರು ಬಂತು.
ಎಪ್ಪತ್ತಮೂರನ್ನೂ ಹೊಲಿದ.
"ಕೂಲಿಗೆ" ಅಂದ.
ಹೊಲಿಗೆ ಮಾತ್ರ
ಎಲ್ಲೂ ಸಡಿಲ ಬಿಟ್ಟಿರಲಿಲ್ಲ.

ಅಮ್ಮನನ್ನು ಅವಳ ಚರ್ಚಿನ ಮಣ್ಣಿಗೆ ಕೊಟ್ಟು ಬಂದೆವು.
ಅಪ್ಪನ ಜಾಗ ಬೇರೆ ಗುಡ್ಡದಲ್ಲಿ,
ಮೊದಲೇ ಗೊತ್ತಿದ್ದ ವಿಷಯ. ಆದರೂ
ಗೇಟಿನ ಹೊರಗೆ ನಿಂತು ತುಂಬಾ ಹೊತ್ತು
ಆಟೋ ಬೇಡ ಅಂದ.

ಆಮೇಲೆ ಕಣ್ಣಿಗೆ ಪೊರೆ ಬಂತು.
ವೆನ್ಲಾಕಿನಲ್ಲಿ ತಾರೀಖು ಕೊಟ್ಟಿದ್ದರು, ಮುಂದೆ ಹಾಕಿದರು,
ಮತ್ತೆ ಮುಂದೆ ಹಾಕಿದರು.
ಒಂದು ಸಂಜೆ ಹಿಂಬಾಗಿಲ ಮೆಟ್ಟಿಲಲ್ಲಿ
ನಾನು ಬಂಗುಡೆ ಕೊಯ್ಯುತ್ತಿದ್ದೆ.
"ಪಿತ್ತ ಒಡೆಯಬೇಡ, ಮೀನೆಲ್ಲ ಕಹಿಯಾದೀತು" ಅಂದ.
ಅದು ಅಮ್ಮನ ಮಾತು, ಅಮ್ಮನದೇ ರಾಗ.
ಸ್ವಲ್ಪ ಹೊತ್ತು ಬಿಟ್ಟು:
"ಆ ಮುದುಕನದ್ದು ಓದು.
ಗುಬ್ಬಚ್ಚಿ ಹಿಕ್ಕೆ ಬಿದ್ದು ಕುರುಡಾದವನದ್ದು."

ಅದು ಏಳರಲ್ಲಿ ಒಂದು.
ಕೈ ತೊಳೆದು ಅಮ್ಮನ ಪುಸ್ತಕ ತಂದೆ.
"ದೇವರ ವಾಕ್ಯ ಅಲ್ಲ ಅದು. ಗೊತ್ತುಂಟಲ್ಲ?"
"ಗೊತ್ತುಂಟು."
"ಹ್ಞಾಂ. ಓದು."

ಕಣ್ಣಿಗೆ ಕನ್ನಡ ಅಕ್ಷರ, ಒಳಗೆ ಕೊಂಕಣಿ,
ಬಾಯಿಗೆ ಬರುವಾಗ ತುಳು.
ರಾತ್ರಿ ಕದ್ದು ಹೆಣ ಹೂಳುವ ಮುದುಕ,
ದೂರದೇಶಕ್ಕೆ ಹೊರಟ ಮಗ,
ರೆಕ್ಕೆ ಕಾಣಿಸದ ಹಾಗೆ ಜೊತೆಗೆ ನಡೆದವನೊಬ್ಬ.
ಅವಸರದಲ್ಲಿ ಒಂದು ಸಾಲು ದಾಟಿದೆ.
"ನಾಯಿ" ಅಂದ ಅಪ್ಪ.
"ಏನು?"
"ನಾಯಿ ಬಿಟ್ಟಿ. ಅವರ ಹಿಂದೆ ಒಂದು ನಾಯಿಯೂ ಹೋಯಿತು."

ನೋಡಿದೆ. ಇತ್ತು.

ಎಲ್ಲಿ ಓದಿದ, ಯಾವಾಗ,
ಸೂಜಿಗೆ ಮುಂಚೆಯೋ ಆಮೇಲೋ,
ಅಥವಾ ಅಮ್ಮ ಗುಣುಗುಣು ಓದುವಾಗ
ಗೋಡೆಗೆ ಮುಖ ಮಾಡಿ ಮಲಗಿದ್ದವ ಮಲಗಿರಲಿಲ್ಲವೋ,
ನಾನು ಕೇಳಲಿಲ್ಲ.
ನದಿಯ ಮೀನು ಬಂತು, ಅದರ ಪಿತ್ತ ಬಂತು,
ಮಗ ಅದನ್ನು ಅಪ್ಪನ ಕಣ್ಣಿಗೆ ಹಚ್ಚುವುದು ಬಂತು.
ನನ್ನ ಬೆರಳಿನ್ನೂ ಬಂಗುಡೆಯ ವಾಸನೆ.
ಅಪ್ಪ ಆಚೆ ತಿರುಗಿ ಕೂತ.

ಮನೆಗೆ ಮರಳುವವರ ಹಿಂದೆ
ಮತ್ತೆ ಅದೇ ನಾಯಿ.
"ಆಮೇಲೆ ನಾಯಿ ದಾದ ಆಂಡ್?"
ಪುಟ ತಿರುವಿದೆ, ಇನ್ನೂ ಎರಡು ತಿರುವಿದೆ.
"ಬರೆದಿಲ್ಲ ಅಪ್ಪ."
"ಎಪ್ಪತ್ತಮೂರರಲ್ಲೂ?"
"ಎಪ್ಪತ್ತಮೂರರಲ್ಲೂ."

ಬೆಕ್ಕು ಬಂದು ಮೀನಿನ ತಲೆ ಕಚ್ಚಿಕೊಂಡು ಓಡಿತು.
ನಾವಿಬ್ಬರೂ ಏಳಲಿಲ್ಲ.